ನೀರು ನೋಡಲು ಬಂದವಳು

ಕಾರಿನ ಸದ್ದು ಕೇಳಿದ್ದೇ ತಡ, ಫಕ್ಕೀರಪ್ಪ ಖಾಲಿ ಕ್ಯಾನನ್ನು ಬಣವೆಯ ಹಿಂದೆ ತಳ್ಳಿ ಬಂದ. ಅದರಲ್ಲಿದ್ದ ನೀರನ್ನು ಹೆಂಡತಿ ವೀರವ್ವ ಆಗಲೇ ಸ್ಟೀಲ್ ತಂಬಿಗೆಗೆ ತುಂಬಿಟ್ಟಿದ್ದಳು. ಅಕ್ಕಿಆಲೂರಿನ ಶುದ್ಧ ನೀರಿನ ಘಟಕದಿಂದ ಬೆಳಗ್ಗೆಯೇ ತಂದ ನೀರು. ಮನೆಯ ಬೋರಿನ ಮೇಲೆ ಗಂಡ ಹೆಂಡತಿ ಇಬ್ಬರಿಗೂ ನಂಬಿಕೆ ಇರಲಿಲ್ಲ.

ಬಂದವಳು ತನುಜಾ. ಕೈಯಲ್ಲಿ ಮೊಬೈಲಿಗಿಂತ ತುಸು ದಪ್ಪನೆಯ ಸೆನ್ಸರ್. ಹಾನಗಲ್ಲ, ಶಿಗ್ಗಾವಿ ಕಡೆ ಊರೂರು ತಿರುಗಿ, ನೀರಿನಲ್ಲಿ ಸೀಸ, ಆರ್ಸೆನಿಕ್‌ನಂಥ ವಿಷ ಇದೆಯೇ ಎಂದು ನೋಡುವುದು ಅವಳ ಕೆಲಸ. ಹಸಿರು ದೀಪ ಹತ್ತಿದರೆ ಬಚಾವು. ಬಂಕಾಪುರದ ಒಂದು ಮನೆಯಿಂದ ಚಹಾವನ್ನೂ ಮುಟ್ಟದೆ ಎದ್ದು ಹೋಗಿದ್ದಳಂತೆ. ಕೆಂಪೇ ಹತ್ತಿರಬೇಕು ಎಂದು ಜನ ಆಡಿಕೊಂಡಿದ್ದರು. ತಮ್ಮ ಮನೆಯಿಂದಲೂ ಹಾಗೇ ಎದ್ದು ಹೋದರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆಂದು ಫಕ್ಕೀರಪ್ಪನಿಗೆ ನಿದ್ದೆ ಹತ್ತಿರಲಿಲ್ಲ.

ಜೊತೆಗೆ ಬಂದ ಹಿರಿಯರು ಗುದ್ಲೆಪ್ಪ. ಕಟ್ಟೆಯ ಮೇಲೆ ಕೂತು ಹೊಲ ಎಷ್ಟು, ದನ ಎಷ್ಟು, ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸತೊಡಗಿದರು. ಫಕ್ಕೀರಪ್ಪ ಕೇಳಿದ್ದಕ್ಕಿಂತ ಎರಡು ಮಾತು ಹೆಚ್ಚೇ ಹೇಳಿದ. ಮಗ ಶರಣು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಿಗೆ ಆತು ನಿಂತಿದ್ದ. ಬಾಯಿ ತೆಗೆಯಬೇಡ ಎಂದು ಅಪ್ಪ ಮೊದಲೇ ತಾಕೀತು ಮಾಡಿದ್ದ.

ತನುಜಾ ತಂಬಿಗೆಯ ನೀರಿಗೆ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ಸೆನ್ಸರಿಗೆ ಸಿಕ್ಕಿಸಿದಳು. ಹಸಿರು ಹತ್ತಿತು. ವೀರವ್ವ ಹಿಗ್ಗಿ ಹೀರೇಕಾಯಾಗಿ ಉಪ್ಪಿಟ್ಟು ತರಲು ಒಳಗೆ ಓಡಿದಳು. ಮಾತು ಅಲ್ಲಿಗೇ ಮುಗಿಯಬೇಕಿತ್ತು.

“ಇದು ನಿಮ್ಮ ಬೋರಿನ ನೀರೇನ್ರಿ?” ಎಂದಳು ತನುಜಾ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫಕ್ಕೀರಪ್ಪನ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲಿಗೆ ಹೋಯಿತು. ಹೌದು, ತಮ್ಮದೇ ಎಂದುಬಿಟ್ಟ.

ಶರಣು ಬಾಗಿಲು ಬಿಟ್ಟು ಮುಂದೆ ಬಂದ. “ಅಲ್ರಿ. ಕ್ಯಾನ್ ನೀರು ಐತಿ. ಬರ್ರಿ, ಬೋರ್ ಚಾಲೂ ಮಾಡ್ತೇನಿ.”

ಅಪ್ಪ ಕಣ್ಣು ಕೆಕ್ಕರಿಸಿದ. ಮಗ ಆ ಕಡೆ ನೋಡಲೇ ಇಲ್ಲ, ಹಿತ್ತಲಿಗೆ ಹೋಗಿ ಮೋಟಾರು ಹಾಕಿದ. ತನುಜಾ ಹೊಸ ಪಟ್ಟಿ ಅದ್ದಿದಳು. ಎಲ್ಲರೂ ಬಗ್ಗಿ ನೋಡಿದರು.

ಕೆಂಪು.

ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ವೀರವ್ವ ನಿಂತಲ್ಲೇ ನಿಂತಳು. ಹರಿಶ್ಚಂದ್ರ ತನ್ನ ಮನೆಯಲ್ಲೇ ಹುಟ್ಟಬೇಕಿತ್ತೇ ಎಂದು ಫಕ್ಕೀರಪ್ಪ ಒಳಗೊಳಗೇ ಮಗನನ್ನು ಬೈದುಕೊಂಡ. ಶರಣು ಮೋಟಾರು ಬಂದ್ ಮಾಡಿ ಬಂದ. ಸುಳ್ಳು ಹೇಳಿದ್ದರೆ ಇದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು ಎಂದು ಅವನಿಗೆ ಅನ್ನಿಸಿತು.

ತನುಜಾ ಸೆನ್ಸರನ್ನು ಒರೆಸಿ ಚೀಲಕ್ಕೆ ಹಾಕಿದಳು. ವೀರವ್ವನ ಕೈಯಿಂದ ಉಪ್ಪಿಟ್ಟಿನ ತಟ್ಟೆ ಇಸಿದುಕೊಂಡು ಗುದ್ಲೆಪ್ಪನ ಕಡೆ ತಿರುಗಿದಳು.

“ನೀರಿಗೆ ಫಿಲ್ಟರ್ ಕೂಡ್ರಿಸಿದ್ರ ಆತು, ಕಾಕಾ. ಹುಡುಗ ನನಗ ಪಸಂದ ಅದಾನ.”