ಎಡಗಡೆಯಿಂದ ಬರುವವರು

ಮಲ್ಲೇಶ ಗೇಮಿನಲ್ಲಿ ಮತ್ತೊಮ್ಮೆ ಸತ್ತ. ಮೌಸನ್ನು ಮೇಜಿಗೆ ಕುಕ್ಕಿ, ಪಕ್ಕದಲ್ಲಿದ್ದ ಗೌರೀಶನ ಕಡೆ ತಿರುಗಿದ. ಇಬ್ಬರೂ ಒಂದೇ ಖಾಸಗಿ ಬಸ್ಸಿನವರು. ಮಲ್ಲೇಶ ಡ್ರೈವರ್, ಗೌರೀಶ ಕಂಡಕ್ಟರ್. ಬಸ್ಸು ಮಲ್ಲೇಶನ ಮನೆಯ ಮುಂದೆಯೇ ನಿಂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮಧುಗಿರಿಯಿಂದ ಒಂದು ಮದುವೆ ದಿಬ್ಬಣವನ್ನು ಪಾವಗಡಕ್ಕೆ ಕರೆದೊಯ್ಯಬೇಕಿತ್ತು.

“ಕಥೆ ಮಾತ್ರ ಏನ್ ಮಾಡವ್ರೆ ಅಂತೀಯ! ಮಹಾಯುದ್ಧದಲ್ಲಿ ಸೋತೋರೇ ಗೆದ್ದುಬುಟ್ಟವ್ರೆ. ಊರೂರಲ್ಲೂ ಅವರದೇ ಬಾವುಟ, ರೇಡಿಯೋದಲ್ಲೂ ಅವರದೇ ಹಾಡು. ನಾವು ಬಂದೂಕ ಹಿಡ್ಕಂಡು ಒಂದೊಂದೇ ಬೀದಿ ಬಿಡಿಸ್ಕೋಬೇಕು. ಗೋಡೆ ಬಣ್ಣ ಕಿತ್ತೋಗಿರೋದು ಸೈತ ನಿಜ ಅನ್ಸುತ್ತೆ ಕಣ್ಲಾ.”

“ಮತ್ಯಾಕೆ ಅಂಗೆ ಕುಕ್ಕಿದೆ?”

“ಒಂದೇ ಕೇಡು. ಎಡಗಡೆಯಿಂದ ಬರೋರ್ನ ತೋರ್ಸೋದೇ ಇಲ್ಲ. ದಿಢೀರಂತ ಹುಟ್ಕಂಡು ಹೊಡೆದುಬುಡ್ತಾರೆ. ಮೋಸ ಇದು.”

“ನಾನು ಆಡ್ದಾಗ ಕಾಣ್ತಿದ್ರಪ್ಪ.”

“ಟಿಕೆಟ್ ತಗೊಳ್ದೆ ಕೂತಿರೋರೇ ನಿಂಗೆ ಕಾಣಲ್ಲ, ಇವ್ರು ಕಂಡ್ರಾ?”

ಇಬ್ಬರೂ ನಕ್ಕರು. ಹಿಂದೆ ಕಡಲೆಕಾಯಿ ಸುಲಿಯುತ್ತಿದ್ದ ಮಲ್ಲೇಶನ ತಂಗಿ ಭುವನಾ ನಗಲಿಲ್ಲ. ಪರದೆಯ ಎಡಭಾಗದಲ್ಲಿ, ಅಂಗಡಿಯ ಮೂಲೆಯಿಂದ, ಹಾಡಹಗಲ ಬಿಸಿಲಿನಲ್ಲಿ ಆ ಸೈನಿಕ ನಡೆದು ಬಂದದ್ದನ್ನು ಅವಳು ನೋಡಿದ್ದಳು. ಅವನು ಅವಸರವನ್ನೂ ಮಾಡಿರಲಿಲ್ಲ. ಅಣ್ಣ ಪ್ರತಿ ಸಲ ಸತ್ತಾಗಲೂ ಹೀಗೆಯೇ. ಹೋದ ವಾರ ದೊಡ್ಡೇರಿಯ ಹತ್ತಿರ ಬಸ್ಸಿಗೆ ಕುರಿಯೊಂದು ಸಿಕ್ಕಿ ಸತ್ತಿತ್ತು. ಅದಕ್ಕೂ ಮುಂಚೆ ಬಸ್ಸಿನ ಎಡಗಡೆಯ ಕನ್ನಡಿ ಕಂಬಕ್ಕೆ ತಾಗಿ ಒಡೆದಿತ್ತು. ಎರಡು ಸಲವೂ ಅಣ್ಣ ಹೇಳಿದ್ದು ಒಂದೇ ಮಾತು: ಅದೇ ಅಡ್ಡ ಬಂತು.

ಮಲ್ಲೇಶ ಮತ್ತೆ ಆಟ ಶುರು ಮಾಡಿದ. ಹೊರಗಿನವರ ಮುಂದೆ ಬಾಯಿ ಬಿಡದ ಭುವನಾ ಬೇಕೆಂದೇ ಮೆಲ್ಲಗೆ ಅಂದಳು, “ಅಣ್ಣ, ಎಡಗಡೆ ಒಬ್ಬ ನಿಂತವ್ನೆ.”

ಎಡಗಡೆ ಯಾರೂ ಇರಲಿಲ್ಲ. ಖಾಲಿ ಬೀದಿ.

“ಆಗ್ಲೇ ಕಂಡೆ ಕಣಮ್ಮ, ನಂಗೇನು ಕಣ್ಣಿಲ್ವಾ?” ಎಂದವನೇ ಮಲ್ಲೇಶ ಬಂದೂಕು ತಿರುಗಿಸಿ ಗೋಡೆಯ ತುಂಬಾ ಗುಂಡು ಸುರಿಸಿದ. “ನೋಡು, ಬಿದ್ದ.”

ಗೌರೀಶ ನಗಲು ಹೋಗಿ, ಭುವನಾಳ ಮುಖ ನೋಡಿ, ಪರದೆಯ ಖಾಲಿ ಬೀದಿಯ ಕಡೆ ಮತ್ತೊಮ್ಮೆ ಕಣ್ಣು ಹಾಯಿಸಿದ.

ಅಮ್ಮ ಚನ್ನಮಲ್ಲಮ್ಮ ಕಾಫಿ ತಂದಳು. ಬಾಗಿಲಿಗೆ ಮಲ್ಲೇಶನ ಎಡಗಡೆಯೇ ಹತ್ತಿರ. ಅಮ್ಮ ಕುರ್ಚಿಯನ್ನು ಬಳಸಿ ಹೋಗಿ ಲೋಟವನ್ನು ಅವನ ಬಲಗಡೆಗೆ ಇಟ್ಟಳು. ಅವನು ತಡವರಿಸದೆ ಎತ್ತಿಕೊಂಡ.

“ನೀವೂ ಬಸ್ಸು ಹತ್ತಿ ಅಮ್ಮ, ಪಾವಗಡದಲ್ಲಿ ಶನಿಮಹಾತ್ಮನ್ನ ನೋಡ್ಕಂಡು ಬರೀರಂತೆ,” ಎಂದ ಗೌರೀಶ.

“ಬ್ಯಾಡ ಕಣಪ್ಪ, ಮಂಡಿ ನೋವು,” ಎಂದಳು ಅಮ್ಮ.

ಬೀದಿಯಲ್ಲಿ ಯಾರೋ ಕೂಗಿದರು. ಆಟವನ್ನು ಹಾಗೇ ಬಿಟ್ಟು ಮಲ್ಲೇಶ ಕೀ ತೆಗೆದುಕೊಂಡು ಎದ್ದ. ಗೌರೀಶ ತಲೆ ತಗ್ಗಿಸಿಕೊಂಡು ಅವನ ಹಿಂದೆ ಹೋದ.

“ಅಮ್ಮ, ಅಣ್ಣಂಗೆ ಎಡಗಡೆ...”

“ಗೊತ್ತು.”

“ಹೇಳ್ಬೇಕಲ್ವಾ?”

“ಹೇಳಿದ್ರೆ ಅವ್ನು ಉಳಿತಾನಾ? ಸ್ಟೇರಿಂಗ್ ಬಿಟ್ರೆ ಅವನಿಗೆ ಇನ್ನೇನ್ ಗೊತ್ತೈತೆ?”

“ಮದುವೆ ಜನ ಅಮ್ಮ. ಮಕ್ಕಳು ಮರಿ ಎಲ್ಲಾ ಹತ್ತಿರ್ತಾರೆ.”

ಅಮ್ಮ ಖಾಲಿ ಲೋಟ ಎತ್ತಿಕೊಂಡಳು. ಮಗಳ ಮುಖ ನೋಡಲಿಲ್ಲ. “ನೀನು ಮಾತ್ರ ಅವನ ಬಸ್ಸು ಹತ್ಬೇಡ,” ಅಂದು ಒಳಗೆ ಹೋದಳು.

ಹೊರಗೆ ಬಸ್ಸು ಹೊರಟ ಸದ್ದಾಯಿತು. ಪರದೆಯ ಮೇಲೆ, ಎಡಗಡೆಯಿಂದ, ಸೈನಿಕನೊಬ್ಬ ನಿಧಾನವಾಗಿ ನಡೆದು ಬರುತ್ತಿದ್ದ.