ಮಗಳ ಹೆಸರು ಮೆರ್ಸಿ

ಫ್ರೆಂಚರು ಮಂಗಳೂರು ಬಿಟ್ಟ ಮೇಲೆ ಬಂದ ಸರ್ಕಾರ ಶಾಲೆಗಳಿಗೆ ಇಂಗ್ಲಿಷ್ ತಂದಿತು. ಫ್ರೆಂಚ್ ಬಲ್ಲವರೆಲ್ಲ ಸೂಜಿ ಹಾಕಿಸಿಕೊಳ್ಳಬೇಕಿತ್ತು. ಹಳೆಯ ಭಾಷೆ ತಲೆಯಿಂದಿಳಿದು ಹೊಸದು ಏರುತ್ತಿತ್ತು. ಫ್ರೆಂಚ್ ಕಲಿಸುತ್ತಿದ್ದ ಕಾರ್ಮಿನ್ ಬಾಯಿಯವರ ಸರದಿ ಬಂದಾಗ ಅವರ ಅಂಗೈಯೆಲ್ಲ ಬೆವರಿತ್ತು.

"ಹೆದರ್ಬೇಡಿ ಮದಾಮ್, ಇರುವೆ ಕಚ್ಚಿದ ಹಾಗೆ ಆಗ್ತದೆ, ಅಷ್ಟೆ," ಎಂದಳು ನರ್ಸ್ ಶಶಿಪ್ರಭಾ.

"ಹೆದರಿಕೆ ಸೂಜಿಗಲ್ಲ ಮಾರಾಯ್ತಿ. ಹರಕೆ ಹೊತ್ತು ಹೆತ್ತ ಮಗಳು. ದೇವರಿಗೆ 'ಉಪಕಾರ ಆಯ್ತು' ಅಂತ ಫ್ರೆಂಚಿನಲ್ಲಿ ಮೆರ್ಸಿ ಎಂದು ಹೆಸರಿಟ್ಟೆ. ಇನ್ನು ಅದೂ ಮರೆತು ಹೋಗ್ತದಾ?"

"ಇಲ್ಲ ಇಲ್ಲ! ಆ ಶಬ್ದ ಇಂಗ್ಲಿಷಿನಲ್ಲೂ ಉಂಟಂತೆ. ಅರ್ಥ ಮಾತ್ರ ಬೇರೆ."

ಸೂಜಿ ಚುಚ್ಚಿತು. ಕಾರ್ಮಿನ್ ಬಾಯಿ ಕಣ್ಣು ಮುಚ್ಚಿ ತೆರೆದರು.

"ಆಯ್ತು ಮೇಡಂ, ಏಳಿ."

ಹೊರಗೆ ಬೆಂಚಿನ ಮೇಲೆ ಮಗಳು ಕೂತಿದ್ದಳು. "ಮರ್ಸಿ!" ಎಂದು ಇಂಗ್ಲಿಷಿನ ಉಚ್ಚಾರದಲ್ಲಿ ಕೂಗಿದರು. ಹೆಸರು ಎಲ್ಲಿಗೂ ಹೋಗಿರಲಿಲ್ಲ. ಆದರೆ ಶಾಲೆಯಲ್ಲಿ ಇಂಗ್ಲಿಷ್ ಕಲಿತಿದ್ದ ಮಗಳು ಆ ಕೂಗಿಗೆ ಬೆಚ್ಚಿ ಓಡಿ ಬಂದಳು.

"ಏನಾಯ್ತು ಮಾಂಯ್? ಯಾರಾದರೂ ಹೊಡೆದರಾ?"

ಕಾರ್ಮಿನ್ ಬಾಯಿ ಅವಳ ಕೆನ್ನೆ ಸವರಿದರು.

"ದಯೆ ತೋರಿಸಿ ಅಂತ ಯಾಕೆ ಹೆಸರಿಟ್ಟೆ ಮಗಾ ನಿನಗೆ? ಅವತ್ತು ನಾನು ಯಾರ ಕಾಲು ಹಿಡಿದಿದ್ದೆ?"