ಹದಿನೆಂಟು ಕೆ.ಜಿ. ಕಡಿಮೆ

ರಸ್ತೆಗಳನ್ನೆಲ್ಲ ಉತ್ತು ರಾಗಿ ಬಿತ್ತಿದ ಮೇಲೆ ಜನ ಕೆಲಸಕ್ಕೆ ಗ್ಲೈಡರಿನಲ್ಲೇ ಹೋಗುತ್ತಿದ್ದರು. ಕಲಿಯುವವರ ಹಿಂದೆ ಲೈಸೆನ್ಸಿದ್ದವರು ಕೂರಲೇಬೇಕು. ಹೀಗಾಗಿ ಎರಡು ವರ್ಷ ಚಂದ್ರಿಕಾಳ ಹಿಂದಿನ ಸೀಟಿನಲ್ಲಿ ಅತ್ತೆ ಪುಟ್ಟಗೌರಮ್ಮ ಕೂತು, ಒಂದೊಂದು ಮೋಡಕ್ಕೂ ಒಂದೊಂದು ಬುದ್ಧಿ ಹೇಳಿದ್ದರು.

ಲೈಸೆನ್ಸು ಕೈಗೆ ಬಂದ ದಿನವೇ ಚಂದ್ರಿಕಾ ಅಂಗಡಿಗೆ ಹೋಗಿ, ಒಂದೇ ಸೀಟಿನ ನೀಲಿ ಗ್ಲೈಡರಿನ ಮೇಲೆ ಕೈಯಿಟ್ಟಳು. ಅತ್ತೆಯೂ ಜೊತೆಗೇ ಬಂದಿದ್ದರು.

ಅಂಗಡಿಯ ಇನಾಯತ್ ಸಾಬರು ಅವಳನ್ನು ತೂಕ ಮಾಡಿದರು. "ನಲವತ್ತೇಳು. ಇದಕ್ಕೆ ಅರವತ್ತೈದಾದ್ರೂ ಬೇಕಮ್ಮ. ಇಲ್ದಿದ್ರೆ ಮೂಗೆತ್ಕೊಂಡು ಬಿದ್ದೋಗತ್ತೆ. ಹದಿನೆಂಟು ಕೆ.ಜಿ. ಮರಳು ಕಟ್ಕೊಡ್ತೀನಿ, ಸೀಟಿನ ಕೆಳಗಿಟ್ಕೊಳಿ."

"ಮರಳ್ಯಾಕೆ ದಂಡಕ್ಕೆ?" ಎಂದರು ಪುಟ್ಟಗೌರಮ್ಮ. "ನನ್ ಮಗಳ ಮನೆ ದಾರೀಲೇ ಇದೆ. ದಿನಾ ಹಿಟ್ಟು, ಬೆಲ್ಲ, ಕಾಯಿ ಕೊಟ್ಟು ಹೋಗ್ಲಿ. ಬರ್ತಾ ಅವಳ ಬಟ್ಟೆ ಗಂಟು ತರ್ಲಿ, ನಾನೇ ಒಗೀತೀನಿ."

ಅಂದಿನಿಂದ ಚಂದ್ರಿಕಾ ಎರಡೆರಡು ಮುದ್ದೆ ಉಣ್ಣತೊಡಗಿದಳು.

"ಕೊನೆಗೂ ಸೊಸೆಗೆ ನನ್ ಕೈರುಚಿ ಹಿಡೀತು," ಎಂದು ಪುಟ್ಟಗೌರಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು. ಚಂದ್ರಿಕಾ ಮೂರನೆಯ ಮುದ್ದೆಗೆ ತಟ್ಟೆ ಚಾಚಿದಳು. ಅರವತ್ತೈದಕ್ಕೆ ಇನ್ನೂ ಹದಿನಾರು ಕೆ.ಜಿ. ಉಳಿದಿತ್ತು.